ಮೂರ್ನಾಲ್ಕು ವರ್ಷದಿಂದ ಐಟಿ ರಿಟರ್ನ್ ಹಾಕಿಲ್ವಾ? ಬಾಕಿ ಚುಕ್ತಾ ಮಾಡುವ ದಾರಿ ಇಲ್ಲಿದೆ

ಚಿಕ್ಕಪೇಟೆಯ ಒಂದು ಸಗಟು ಬಟ್ಟೆ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮಾಲೀಕರದ್ದು, ಅವರ ತಮ್ಮನದ್ದು, ಮೇಲಿನ ಮಹಡಿಯ ಟೈಲರ್‌ದು, ಎಲ್ಲರ ಕಾಗದ ಜೋಡಿಸಿ ಆಡಿಟರ್ ಕೈಗೆ ಕೊಡುವವನು ನಾನೇ. ಅಂಥವನು, ಅಪ್ಪನ ಆಸ್ಪತ್ರೆ ಓಡಾಟದ ನಡುವೆ, ಎರಡು ವರ್ಷ ನನ್ನ ಸ್ವಂತ ರಿಟರ್ನ್ ಹಾಕಲಿಲ್ಲ. ದೀಪದ ಬುಡದಲ್ಲೇ ಕತ್ತಲೆ. ಮೊದಲನೇ ವರ್ಷ ನಿಜವಾಗಿಯೂ ಮರೆತೆ. ಎರಡನೇ ವರ್ಷ ಮರೆತಿರಲಿಲ್ಲ, ಹೆದರಿ ಸುಮ್ಮನಿದ್ದೆ. ಹಳೇದು ಬಿಟ್ಟು ಹೊಸದು ಹಾಕಿದರೆ ಎಲ್ಲಿ ಸಿಕ್ಕಿಬೀಳುತ್ತೇನೋ ಅಂತ.

ಮೊನ್ನೆ ಜೂನ್ ತಿಂಗಳ ಒಂದು ಭಾನುವಾರ ಚಿಕ್ಕಪ್ಪನ ಮಗಳು ರಾಜಾಜಿನಗರದಿಂದ ಬಂದಳು. ಇಂಟೀರಿಯರ್ ಡೆಕೋರೇಷನ್ ಕೆಲಸ ಮಾಡುತ್ತಿದ್ದವಳು, 2024ರಲ್ಲಿ ಒಂದು ಕಂಪನಿ ಸೇರಿದಳು. ಆಮೇಲಿನ ರಿಟರ್ನ್ ಎಲ್ಲ ಸರಿಯಾಗಿದೆ. ಅದಕ್ಕಿಂತ ಹಿಂದಿನ ಮೂರು ವರ್ಷ ಏನೂ ಹಾಕಿಲ್ಲ. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಹಳೆ ರಿಟರ್ನ್ ಕೇಳಿದ್ದಾರೆ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್ ತುಂಬ ಬಿಲ್ಲು, ಸೈಟ್ ಅಳತೆ ಬರೆದ ಚೀಟಿ, ಪಾಸ್‌ಬುಕ್ಕು. ಕೂತ ತಕ್ಷಣ ಕೇಳಿದ್ದು, "ಅಣ್ಣಾ, ನನ್ನನ್ನ ಜೈಲಿಗೆ ಹಾಕ್ತಾರಾ?"

ಇಲ್ಲ ಕಣಮ್ಮ, ಕಾಫಿ ಕುಡಿ ಅಂದೆ.

ಇವತ್ತು ಬರೆಯುತ್ತಿರುವುದು ಅವತ್ತು ಅವಳಿಗೆ ಹೇಳಿದ್ದನ್ನೇ. ಸಂಬಳದವರು, ಸಣ್ಣ ವೃತ್ತಿಯವರು, ಫ್ರೀಲ್ಯಾನ್ಸ್ ಕೆಲಸದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಆಡಿಟ್ ಆಗಬೇಕಾದ ದೊಡ್ಡ ವ್ಯಾಪಾರ ನಿಮ್ಮದಾದರೆ ನೇರವಾಗಿ ಆಡಿಟರ್ ಹತ್ತಿರ ಹೋಗಿ.

ಫಾರ್ಮ್ ಆಮೇಲೆ, ಮೊದಲು ಲಾಗಿನ್

ಜಾಸ್ತಿ ಜನ ಮಾಡುವ ತಪ್ಪು ಏನು ಗೊತ್ತಾ? ಅತಿ ಹಳೆಯ ವರ್ಷದ ಫಾರ್ಮ್ ತೆರೆದು ತುಂಬಲು ಕೂರುವುದು. ಅರ್ಧಕ್ಕೆ ಬರುವಷ್ಟರಲ್ಲಿ ತಲೆ ಕೆಟ್ಟು ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಬಾಕಿ ಇರುವ ಎಲ್ಲ ವರ್ಷಗಳನ್ನೂ ಒಮ್ಮೆ ಎದುರಿಗೆ ಹರಡಿಕೊಳ್ಳಿ. ಯಾವ ವರ್ಷಕ್ಕೆ ಯಾವ ದಾರಿ ಅಂತ ವಿಂಗಡಿಸಿ. ಆಮೇಲೆ ಫಾರ್ಮ್ ಮುಟ್ಟಿ. ವಿಂಗಡಣೆ ಸರಿಯಾದರೆ ಅರ್ಧ ಕೆಲಸ ಮುಗಿದ ಹಾಗೆ.

ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ಗೆ ಹೋಗಿ. ನಿಮ್ಮ ಪ್ಯಾನ್ ನಂಬರೇ ಯೂಸರ್ ಐಡಿ. ಪಾಸ್‌ವರ್ಡ್ ನೆನಪಿಲ್ಲದಿದ್ದರೆ ಆಧಾರ್ ಓಟಿಪಿ ಮೂಲಕ ಹೊಸದು ಮಾಡಿಕೊಳ್ಳಬಹುದು. ಹಾಗಾಗಿ ಆಧಾರ್‌ಗೆ ಕೊಟ್ಟಿರುವ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲೇ ಇದೆಯಾ ನೋಡಿಕೊಳ್ಳಿ. ಕಾಲೇಜು ದಿನಗಳ ಸಿಮ್ ಎಸೆದವರು ಮೊದಲು ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ನಂಬರ್ ಬದಲಿಸಿಕೊಳ್ಳಬೇಕು. 

ಒಳಗೆ ಹೋದ ಮೇಲೆ ಎರಡು ವಿಷಯ ನೋಡಿ. ಒಂದು, ಪ್ಯಾನ್‌ಗೆ ಆಧಾರ್ ಜೋಡಣೆ. ಜೋಡಿಸದವರ ಪ್ಯಾನ್ 2023ರ ಜುಲೈ 1ರಿಂದ ನಿಷ್ಕ್ರಿಯ ಆಗಿದೆ. ಅಂಥ ಪ್ಯಾನ್‌ಗೆ ರಿಫಂಡ್ ಬರುವುದಿಲ್ಲ, ಟಿಡಿಎಸ್ (ನಿಮಗೆ ಹಣ ಕೊಡುವವರು ಮೊದಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಜಾಸ್ತಿ ದರದಲ್ಲಿ ಕಡಿಯುತ್ತಾರೆ. 1,000 ರೂಪಾಯಿ ಶುಲ್ಕ ಕಟ್ಟಿ ಜೋಡಿಸಬೇಕು. ಇನ್ನೊಂದು, ಬ್ಯಾಂಕ್ ಖಾತೆ. ನಮ್ಮ ಕಡೆಯವರಿಗೆ ಇದು ವಿಶೇಷವಾಗಿ ಕಾಡುವ ತೊಂದರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ. ಪೋರ್ಟಲ್‌ನಲ್ಲಿ ಮಾತ್ರ ಹಳೆಯ ಐಎಫ್‌ಎಸ್‌ಸಿ ಹಾಗೇ ಕೂತಿರುತ್ತದೆ. ಹೊಸ ಐಎಫ್‌ಎಸ್‌ಸಿ ಹಾಕಿ ಖಾತೆಯನ್ನು ಪ್ರೀ-ವ್ಯಾಲಿಡೇಟ್, ಅಂದರೆ ಮೊದಲೇ ಖಚಿತ, ಮಾಡಿ. ನನ್ನ ತಂಗಿಯ ಸಿಂಡಿಕೇಟ್ ಖಾತೆಗೆ ಇದೊಂದೇ ಹತ್ತು ನಿಮಿಷ ಹಿಡಿಯಿತು.

ಇಲಾಖೆಗೆ ಏನು ಗೊತ್ತಿದೆ ನೋಡಿ

ಪೋರ್ಟಲ್‌ನಲ್ಲಿ ಎಐಎಸ್ ಅಂತ ಒಂದಿದೆ. ಬ್ಯಾಂಕ್ ಬಡ್ಡಿ, ಷೇರು ಮತ್ತು ಮ್ಯೂಚುಯಲ್ ಫಂಡ್ ಮಾರಾಟ, ಡಿವಿಡೆಂಡ್, ಸೈಟ್ ಖರೀದಿ, ನಿಮ್ಮ ಹೆಸರಲ್ಲಿ ಕಡಿತವಾದ ಟಿಡಿಎಸ್, ಎಲ್ಲವೂ ಅದರಲ್ಲಿ ಬರುತ್ತದೆ. 2020-21ರ ಹಣಕಾಸು ವರ್ಷದಿಂದ ಈಚೆಗೆ ಸಿಗುತ್ತದೆ. ಪ್ರತಿ ವರ್ಷದ್ದನ್ನೂ ಡೌನ್‌ಲೋಡ್ ಮಾಡಿ. ಜೊತೆಗೆ 26ಎಎಸ್, ಅಂದರೆ ನಿಮ್ಮ ಟಿಡಿಎಸ್ ಜಮೆಯ ಪಟ್ಟಿ ಕೂಡ. ಟಿಡಿಎಸ್ ಎಷ್ಟು ಜಮೆಯಾಗಿದೆ ಅನ್ನುವುದಕ್ಕೆ ನಾನು ಇವತ್ತಿಗೂ 26ಎಎಸ್ ಅನ್ನೇ ನಂಬುತ್ತೇನೆ.

ಮೂರನೆಯದು ಬ್ಯಾಂಕ್ ಸ್ಟೇಟ್‌ಮೆಂಟ್. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, ಎಲ್ಲ ಖಾತೆಗಳದ್ದೂ ಬೇಕು. ಎಐಎಸ್‌ನಲ್ಲಿ ಕಾಣದ ಆದಾಯ ಇಲ್ಲಿ ಕಾಣುತ್ತದೆ. ಎಐಎಸ್‌ನಲ್ಲಿ ಇಲ್ಲ ಅಂದರೆ ತೋರಿಸಬೇಕಾಗಿಲ್ಲ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಫೋನ್‌ಪೇಯಲ್ಲಿ ಬಂದ ಕೂಲಿಯೂ ಆದಾಯವೇ. ಹಾಗೇ, ಖಾತೆಗೆ ಬಂದದ್ದೆಲ್ಲ ಆದಾಯವೂ ಅಲ್ಲ. ನನ್ನ ತಂಗಿಯ ಸ್ಟೇಟ್‌ಮೆಂಟಿನಲ್ಲಿ ಒಂದೇ ದಿನ 2,00,000 ಬಂದಿತ್ತು. ಗಾಬರಿಯಾದಳು. ನೋಡಿದರೆ ಚಿಕ್ಕಪ್ಪ ಕೈಗಡವಾಗಿ ಕೊಟ್ಟದ್ದು. ಅಂಥವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ ಪಕ್ಕಕ್ಕಿಡಿ.

ಕೆಲವೊಮ್ಮೆ ಬಿಲ್ಲಿನಲ್ಲಿ ಟಿಡಿಎಸ್ ಕಡಿದಿರುತ್ತಾರೆ, 26ಎಎಸ್‌ನಲ್ಲಿ ಮಾತ್ರ ಇರುವುದಿಲ್ಲ. ಕಡಿದವರು ಸರ್ಕಾರಕ್ಕೆ ಕಟ್ಟಿಲ್ಲ, ಇಲ್ಲವೇ ನಿಮ್ಮ ಪ್ಯಾನ್ ತಪ್ಪಾಗಿ ಬರೆದಿದ್ದಾರೆ ಅಂತ ಅರ್ಥ. ಅವರ ಅಕೌಂಟ್ಸ್ ವಿಭಾಗಕ್ಕೆ ಬರವಣಿಗೆಯಲ್ಲಿ ಕೇಳಿ, ಟಿಡಿಎಸ್ ರಿಟರ್ನ್ ತಿದ್ದಿಸಿ. ನಿಮ್ಮಿಂದ ಕಡಿದ ಹಣವನ್ನು ಮತ್ತೆ ನಿಮ್ಮ ಹತ್ತಿರವೇ ವಸೂಲಿ ಮಾಡುವ ಹಾಗಿಲ್ಲ ಅಂತ 205ನೇ ಸೆಕ್ಷನ್ ಹೇಳುತ್ತದೆ. ಆದರೂ ಕಂಪ್ಯೂಟರ್ ಲೆಕ್ಕ ಹೊಂದದಿದ್ದರೆ ಬಾಕಿ ಕಟ್ಟಿ ಅಂತ ಡಿಮ್ಯಾಂಡ್ ಬರುತ್ತದೆ, ಆಮೇಲೆ ಅಲೆದಾಟ ನಿಮ್ಮದು.

ಮೂರು ಗುಡ್ಡೆ

ಈಗ ವಿಂಗಡಣೆ. ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ವರ್ಷಕ್ಕೂ ಮೂರು ಅಂಕಿ ಬರೆಯಿರಿ: ಆದಾಯ, ಅದಕ್ಕೆ ಬರುವ ತೆರಿಗೆ, ಈಗಾಗಲೇ ಕಟ್ಟಿರುವ ಟಿಡಿಎಸ್.

ತೆರಿಗೆಗಿಂತ ಟಿಡಿಎಸ್ ಕಡಿಮೆ ಇದ್ದರೆ ನೀವು ಕಟ್ಟಬೇಕು, ಅದು ಮೊದಲನೇ ಗುಡ್ಡೆ. ಟಿಡಿಎಸ್ ಜಾಸ್ತಿ ಇದ್ದರೆ ನಿಮಗೇ ದುಡ್ಡು ಬರಬೇಕು, ಎರಡನೇ ಗುಡ್ಡೆ. ಆದಾಯವೇ ಮಿತಿಯೊಳಗಿದ್ದು, ಟಿಡಿಎಸ್ಸೂ ಇಲ್ಲದ ವರ್ಷ ಮೂರನೇ ಗುಡ್ಡೆ.

ನನ್ನ ತಂಗಿಯ ಮೂರು ವರ್ಷ, ಹೇಳಿ ಮಾಡಿಸಿದ ಹಾಗೆ, ಮೂರು ಗುಡ್ಡೆಗೆ ಒಂದೊಂದು ಬಿದ್ದವು. 2021-22ರಲ್ಲಿ ಕೆಲಸ ಕಡಿಮೆ, ಬಂದದ್ದು 4,20,000. ಅದರಲ್ಲಿ ಒಬ್ಬ ಬಿಲ್ಡರ್ 18,000 ಟಿಡಿಎಸ್ ಕಡಿದಿದ್ದಾರೆ. ಅರ್ಧ ಲಾಭ ಅಂತ ಹಿಡಿದರೆ (ಯಾಕೆ ಅರ್ಧ ಅಂತ ಮುಂದೆ ಹೇಳುತ್ತೇನೆ) ಆದಾಯ 2,10,000, ಅಂದರೆ ಆಗಿನ 2,50,000ದ ಮಿತಿಯೊಳಗೇ. 18,000 ಪೂರ್ತಿ ಅವಳಿಗೆ ವಾಪಸ್ ಬರಬೇಕು. 2022-23ರಲ್ಲಿ ಕೆಲಸ ಚೆನ್ನಾಗಿತ್ತು, ಕಟ್ಟಬೇಕು. 2023-24ರಲ್ಲಿ ಮಗು ಆಯಿತು, ಒಂದೂವರೆ ಲಕ್ಷದ ಒಂದೇ ಕೆಲಸ, ಟಿಡಿಎಸ್ ಇಲ್ಲ.

ಮೂರನೇ ಗುಡ್ಡೆಯ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬಿಟ್ಟುಬಿಡಿ. ಸುಮ್ನೆ ಇರಲಿ ಅಂತ ಹಳೆ ವರ್ಷಕ್ಕೆ ಸೊನ್ನೆ ರಿಟರ್ನ್ ಹಾಕಲು ಈಗ ದಾರಿಯೂ ಇಲ್ಲ. ಲೆಕ್ಕದ ಹಾಳೆ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಎತ್ತಿಡಿ, ನಾಳೆ ಯಾರಾದರೂ ಕೇಳಿದರೆ ತೋರಿಸಲು ಬೇಕು. ಆದರೆ ಒಂದು ಎಚ್ಚರಿಕೆ. ಆದಾಯ ಮಿತಿಯೊಳಗಿದ್ದರೂ ಕೆಲವರು ರಿಟರ್ನ್ ಹಾಕಲೇಬೇಕು: ವಿದೇಶ ಪ್ರಯಾಣಕ್ಕೆ 2 ಲಕ್ಷ ದಾಟಿ ಖರ್ಚು ಮಾಡಿದವರು, ವರ್ಷಕ್ಕೆ 1 ಲಕ್ಷ ದಾಟಿ ಕರೆಂಟ್ ಬಿಲ್ ಕಟ್ಟಿದವರು, ವೃತ್ತಿಯಿಂದ 10 ಲಕ್ಷ ದಾಟಿ ಹಣ ಬಂದವರು, ವಿದೇಶದಲ್ಲಿ ಆಸ್ತಿ ಇರುವವರು. ಅಮೆರಿಕದ ಕಂಪನಿಯ ಷೇರು ಸಂಬಳದ ಜೊತೆ ಬರುವ ವೈಟ್‌ಫೀಲ್ಡ್, ಮಾರತಹಳ್ಳಿ ಕಡೆಯ ಟೆಕ್ಕಿಗಳೇ, ಈ ಕೊನೆಯದು ನಿಮಗೆ. ಆ ಷೇರುಗಳನ್ನು ರಿಟರ್ನ್‌ನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ, ಅಂದರೆ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸದಿದ್ದರೆ ಕಪ್ಪುಹಣದ ಕಾಯ್ದೆಯಡಿ 10 ಲಕ್ಷ ದಂಡದ ಮಾತು ಬರುತ್ತದೆ. 2024ರ ಅಕ್ಟೋಬರ್ 1ರಿಂದ, ಮನೆ ಜಮೀನು ಬಿಟ್ಟು ಉಳಿದ ವಿದೇಶಿ ಆಸ್ತಿ ಒಟ್ಟು 20 ಲಕ್ಷ ಮೀರದವರಿಗೆ ಈ ದಂಡದಿಂದ ವಿನಾಯಿತಿ ಇದೆ. ಅದಕ್ಕಿಂತ ಜಾಸ್ತಿ ಇದ್ದರೆ ನೀವೇ ಕೈಹಾಕಬೇಡಿ, ಆಡಿಟರ್ ಬೇಕು.

ಕಟ್ಟಬೇಕಾದ ವರ್ಷ: ಐಟಿಆರ್-ಯು

ಮಾಮೂಲಿ ರಿಟರ್ನ್‌ನ ಗಡುವು ತಪ್ಪಿದರೆ ಆ ಅಸೆಸ್‌ಮೆಂಟ್ ವರ್ಷದ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಹಾಕಬಹುದು. ಅದೂ ದಾಟಿದರೆ ಉಳಿಯುವುದು ಅಪ್‌ಡೇಟೆಡ್ ರಿಟರ್ನ್, ಅಂದರೆ ಐಟಿಆರ್-ಯು. 2022ರಲ್ಲಿ ಶುರುವಾದಾಗ ಎರಡು ವರ್ಷದ ಅವಕಾಶ ಇತ್ತು. 2025ರ ಏಪ್ರಿಲ್‌ನಿಂದ ನಾಲ್ಕು ವರ್ಷಕ್ಕೆ ಏರಿಸಿದ್ದಾರೆ.

ಇಲ್ಲಿ ವರ್ಷದ ಹೆಸರಿನ ಗೊಂದಲ ಬಿಡಿಸಿಕೊಳ್ಳಿ. ದುಡಿದ ವರ್ಷ ಹಣಕಾಸು ವರ್ಷ. ಅದರ ಮುಂದಿನದು ಅಸೆಸ್‌ಮೆಂಟ್ ವರ್ಷ. 2022-23ರಲ್ಲಿ ದುಡಿದದ್ದಕ್ಕೆ ಅಸೆಸ್‌ಮೆಂಟ್ ವರ್ಷ 2023-24. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಬಂದು, ಇನ್ನು ಮುಂದೆ ಬರೀ 'ಟ್ಯಾಕ್ಸ್ ಇಯರ್' ಅನ್ನುತ್ತಾರೆ. ಆದರೆ ನಿಮ್ಮ ಹಳೆ ಬಾಕಿಗೆ 1961ರ ಕಾಯ್ದೆಯೇ ಲೆಕ್ಕ, ಹಳೆ ಹೆಸರೇ ಲೆಕ್ಕ.

ನಾಲ್ಕು ವರ್ಷವನ್ನು ಎಣಿಸುವುದು ಅಸೆಸ್‌ಮೆಂಟ್ ವರ್ಷ ಮುಗಿದ ದಿನದಿಂದ. ಹಾಗಾಗಿ ಅಸೆಸ್‌ಮೆಂಟ್ ವರ್ಷ 2022-23ಕ್ಕೆ ಕೊನೆ ದಿನ 2027ರ ಮಾರ್ಚ್ 31. 2023-24ಕ್ಕೆ 2028ರ ಮಾರ್ಚ್ 31. 2024-25ಕ್ಕೆ 2029, 2025-26ಕ್ಕೆ 2030, ಅದೇ ಮಾರ್ಚ್ 31. ಅಸೆಸ್‌ಮೆಂಟ್ ವರ್ಷ 2021-22ರ ಬಾಗಿಲು 2026ರ ಮಾರ್ಚ್ 31ಕ್ಕೇ ಮುಚ್ಚಿದೆ.

ತಡ ಮಾಡಿದ್ದಕ್ಕೆ ಬೆಲೆ ಇದೆ. ತೆರಿಗೆ ಮತ್ತು ಬಡ್ಡಿ ಸೇರಿಸಿದ ಮೊತ್ತದ ಮೇಲೆ ಹೆಚ್ಚುವರಿ ತೆರಿಗೆ: ಮೊದಲ 12 ತಿಂಗಳಲ್ಲಿ ಶೇ 25, 24ರೊಳಗೆ ಶೇ 50, 36ರೊಳಗೆ ಶೇ 60, 48ರೊಳಗೆ ಶೇ 70. ಇದರ ಜೊತೆ ತಡ ಶುಲ್ಕ 5,000, ಆದಾಯ 5 ಲಕ್ಷದೊಳಗಿದ್ದರೆ 1,000.

ಬಡ್ಡಿ ಎರಡು ಮೂರು ಥರ. 234ಎ ಸೆಕ್ಷನ್, ರಿಟರ್ನ್ ತಡವಾದದ್ದಕ್ಕೆ ತಿಂಗಳಿಗೆ ಶೇ 1. 234ಬಿ, ಅಡ್ವಾನ್ಸ್ ಟ್ಯಾಕ್ಸ್ (ವರ್ಷ ಮುಗಿಯುವ ಮುಂಚೆಯೇ ಕಟ್ಟಬೇಕಾದ ತೆರಿಗೆ) ಕಟ್ಟದೇ ಇದ್ದದ್ದಕ್ಕೆ ಇನ್ನೊಂದು ಶೇ 1. ಟಿಡಿಎಸ್ ಕಳೆದು ಉಳಿಯುವ ಬಾಕಿ 10,000 ಮುಟ್ಟಿದರೆ ಇದು ಬೀಳುತ್ತದೆ. 234ಸಿ, ಅಡ್ವಾನ್ಸ್ ಟ್ಯಾಕ್ಸ್ ಕಂತು ತಪ್ಪಿದ್ದಕ್ಕೆ, ಚಿಲ್ಲರೆ. ತಿಂಗಳಲ್ಲಿ ಒಂದು ದಿನ ಆದರೂ ಪೂರ್ತಿ ತಿಂಗಳೇ ಲೆಕ್ಕ. ಗಿರವಿ ಅಂಗಡಿಯ ಬಡ್ಡಿ ಹಾಗೇ.

ಅಂಕಿ ಹಾಕಿ ನೋಡೋಣ. ತಂಗಿಗೆ 2022-23ರಲ್ಲಿ ಬಂದದ್ದು 16,00,000. ಅವಳ ವೃತ್ತಿ 44ಎಡಿಎ ಸೆಕ್ಷನ್‌ನ ಪಟ್ಟಿಯಲ್ಲಿದೆ, ಅರ್ಧವನ್ನು ಲಾಭ ಅಂತ ತೋರಿಸಿದರೆ ಸಾಕು, ಪ್ಲೈವುಡ್ ಬಿಲ್ಲು, ಪೆಟ್ರೋಲ್ ಬಿಲ್ಲು ಹುಡುಕಬೇಕಿಲ್ಲ. ಆದಾಯ 8,00,000. ಎಲ್‌ಐಸಿ ಮತ್ತು ಪಿಪಿಎಫ್ ಸೇರಿ 1,50,000 ಕಳೆದರೆ 6,50,000. ಹಳೆ ಪದ್ಧತಿಯಲ್ಲಿ, ಅಂದರೆ ಎಲ್‌ಐಸಿ, ಪಿಪಿಎಫ್ ಥರದ ಕಡಿತ ಸಿಗುವ ತೆರಿಗೆ ಪದ್ಧತಿಯಲ್ಲಿ, ಮೊದಲ 2,50,000ಕ್ಕೆ ತೆರಿಗೆ ಇಲ್ಲ, ಮುಂದಿನ 2,50,000ಕ್ಕೆ 12,500, ಉಳಿದ 1,50,000ಕ್ಕೆ ಶೇ 20ರಂತೆ 30,000. ಒಟ್ಟು 42,500. ಶೇ 4 ಸೆಸ್ ಸೇರಿಸಿ 44,200. ಟಿಡಿಎಸ್ 30,000 ಕಳೆದರೆ ಬಾಕಿ 14,200.

2026ರ ಜೂನ್‌ನಲ್ಲಿ ಹಾಕಿದರೆ 234ಎ ಬಡ್ಡಿ 2023ರ ಆಗಸ್ಟ್‌ನಿಂದ 35 ತಿಂಗಳು, 4,970. 234ಬಿ 2023ರ ಏಪ್ರಿಲ್‌ನಿಂದ 39 ತಿಂಗಳು, 5,538. 234ಸಿ 142. ಬಡ್ಡಿಯೇ 10,650. ತೆರಿಗೆ ಸೇರಿ 24,850. ಅದರ ಶೇ 60 ಅಂದರೆ 14,910. ತಡ ಶುಲ್ಕ 5,000. ಎಲ್ಲ ಕೂಡಿ 44,760.

ಕ್ಯಾಲ್ಕುಲೇಟರ್ ನೋಡಿ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. 14,200 ಬಾಕಿ 44,760 ಆಗಿದೆ. ಅದನ್ನೇ 2023ರ ಡಿಸೆಂಬರ್‌ನಲ್ಲಿ ತಡವಾದ ರಿಟರ್ನ್ ಆಗಿ ಹಾಕಿದ್ದರೆ ಬಡ್ಡಿ, ಶುಲ್ಕ ಎಲ್ಲ ಸೇರಿ 21,330ಕ್ಕೆ ಮುಗಿಯುತ್ತಿತ್ತು. "ಬೇಡ ಬಿಡಣ್ಣ, ಯಾರು ಕೇಳ್ತಾರೆ" ಅಂದಳು. ಎಐಎಸ್‌ನಲ್ಲಿ ಬಿಲ್ಡರ್ ಹೆಸರು, ಮೊತ್ತ, ತಾರೀಖು ಎಲ್ಲ ಇದೆ, ಅವರು ಕೇಳಬೇಕಾಗಿಯೇ ಇಲ್ಲ ಅಂದೆ. ಆದಾಯ ಮುಚ್ಚಿಟ್ಟು ಸಿಕ್ಕಿಬಿದ್ದರೆ ಆ ಆದಾಯದ ತೆರಿಗೆಯ ಶೇ 50ರಿಂದ ಶೇ 200ರವರೆಗೆ ದಂಡ, ಬಡ್ಡಿ ಬೇರೆ. ಜೈಲಿನ ಮಾತಿಗೆ ಬಂದರೆ, ಟಿಡಿಎಸ್ ಕಳೆದ ಮೇಲೆ 10,000 ಮೀರದ ಬಾಕಿಗೆ ರಿಟರ್ನ್ ಹಾಕಲಿಲ್ಲ ಅಂತ ಮೊಕದ್ದಮೆ ಹೂಡುವಂತಿಲ್ಲ. ಅವಳದ್ದು 10,000 ದಾಟಿದೆ. ಆದರೆ ಗಡುವಿನೊಳಗೆ ಅಪ್‌ಡೇಟೆಡ್ ರಿಟರ್ನ್ ಹಾಕಿದವರಿಗೂ ಕಾನೂನು ಆ ರಕ್ಷಣೆ ಕೊಟ್ಟಿದೆ. ಇದನ್ನು ಕೇಳಿದ ಮೇಲೆ ಎರಡನೇ ಕಾಫಿ ಕುಡಿದಳು.

44ಎಡಿಎ ಎಲ್ಲರಿಗೂ ಇಲ್ಲ. ವಕೀಲರು, ವೈದ್ಯರು, ಎಂಜಿನಿಯರ್, ಆರ್ಕಿಟೆಕ್ಟ್, ಅಕೌಂಟೆಂಟ್, ತಾಂತ್ರಿಕ ಸಲಹೆಗಾರರು, ಇಂಟೀರಿಯರ್ ಡೆಕೋರೇಷನ್ ಥರದ ಪಟ್ಟಿ ಇದೆ. ಅಂಗಡಿ, ವ್ಯಾಪಾರದವರಿಗೆ 44ಎಡಿ. ಅಲ್ಲಿ ನಗದು ವಹಿವಾಟಿಗೆ ಶೇ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ 6.

ಹಳೆ ಪದ್ಧತಿಯೋ ಹೊಸದೋ?

ತಡವಾಗಿ ಹಾಕುವವರಿಗೆ ಆಯ್ಕೆ ಇಲ್ಲ. ಈ ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಲೆಕ್ಕ ತಪ್ಪು ಹಾಕಿಕೊಂಡು ಕೂತಿರುತ್ತಾರೆ. ಅಸೆಸ್‌ಮೆಂಟ್ ವರ್ಷ 2023-24ರವರೆಗೆ ಹಳೆ ಪದ್ಧತಿಯೇ ಮಾಮೂಲಿ, ಹೊಸದು ಬೇಕಿದ್ದರೆ ಗಡುವಿನೊಳಗೆ ಕೇಳಬೇಕಿತ್ತು. 2024-25ರಿಂದ ತಿರುಗಿಬಿತ್ತು. ಹೊಸದೇ ಮಾಮೂಲಿ, ಹಳೆಯದು ಬೇಕಿದ್ದರೆ ಗಡುವಿನೊಳಗೆ ಹಾಕಿದವರಿಗೆ ಮಾತ್ರ. ಅಂದರೆ ತಂಗಿಗೆ 2022-23ರಲ್ಲಿ ಸಿಕ್ಕ ಎಲ್‌ಐಸಿ, ಪಿಪಿಎಫ್ ಕಡಿತ, ಅದೇ ಮುಂದಿನ ವರ್ಷದ ಬಾಕಿಯಾಗಿದ್ದರೆ ಸಿಗುತ್ತಿರಲಿಲ್ಲ. ಬಾಡಿಗೆ ರಸೀದಿ, ಸ್ವಂತ ಮನೆ ಸಾಲದ ಬಡ್ಡಿ, ಮಕ್ಕಳ ಸ್ಕೂಲ್ ಫೀಸು, ಯಾವುದೂ ನಡೆಯುವುದಿಲ್ಲ. ಆ ಕಾಗದ ಹುಡುಕುವ ಶ್ರಮವೂ ಉಳಿಯಿತು ಅನ್ನಿ.

ಷೇರು ಪೇಟೆಯಲ್ಲಿ, ಎಫ್ ಆಂಡ್ ಓದಲ್ಲಿ ಕಳೆದುಕೊಂಡವರಿಗೆ ಇನ್ನೊಂದು ಕಹಿ ಸುದ್ದಿ. ತಡವಾದ ರಿಟರ್ನ್‌ನಲ್ಲಿ ಆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ.

ತುಂಬುವುದು, ಕಟ್ಟುವುದು

ಎಷ್ಟೇ ಹಳೆ ಬಾಕಿ ಇರಲಿ, ಈ ವರ್ಷದ ರಿಟರ್ನ್ ಗಡುವಿನೊಳಗೆ ಮೊದಲು ಹಾಕಿಬಿಡಿ. ಹಳೇದು ಬಾಕಿ ಇದ್ದರೆ ಹೊಸದು ತಗೊಳ್ಳಲ್ಲ ಅನ್ನುವ ನಿಯಮ ಎಲ್ಲೂ ಇಲ್ಲ. ನಾನು ಹೆದರಿ ಒಂದು ವರ್ಷ ಸುಮ್ನೆ ಕಳೆದದ್ದು ಇದಕ್ಕೇ. ಆಮೇಲೆ ಬಾಗಿಲು ಮುಚ್ಚಲಿರುವ ವರ್ಷ, ಆಮೇಲೆ ಉಳಿದವು.

ಐಟಿಆರ್-ಯು ಬೇರೆ ಫಾರ್ಮ್ ಅಲ್ಲ. ಆ ವರ್ಷದ ಮಾಮೂಲಿ ಫಾರ್ಮಿನ ಮುಂದೆ ಅಂಟಿಸುವ ಹೆಚ್ಚುವರಿ ಪುಟ ಅಂದುಕೊಳ್ಳಿ. ಸಂಬಳ ಮಾತ್ರ ಇದ್ದರೆ ಐಟಿಆರ್-1, ಷೇರು ಅಥವಾ ಸೈಟ್ ಮಾರಿದ್ದರೆ 2, ಪೂರ್ತಿ ಲೆಕ್ಕ ಬರೆಯುವ ವ್ಯಾಪಾರ, ವೃತ್ತಿಗೆ 3, 44ಎಡಿ ಅಥವಾ 44ಎಡಿಎ ಆದರೆ 4. ಪೋರ್ಟಲ್‌ನ ಡೌನ್‌ಲೋಡ್ಸ್ ಪುಟದಲ್ಲಿ ಆಯಾ ಅಸೆಸ್‌ಮೆಂಟ್ ವರ್ಷದ ಆಫ್‌ಲೈನ್ ಯುಟಿಲಿಟಿ, ಅಂದರೆ ಫಾರ್ಮ್ ತುಂಬುವ ಸಾಫ್ಟ್‌ವೇರ್ ಸಿಗುತ್ತದೆ. ಅದರಲ್ಲಿ ಸೆಕ್ಷನ್ 139(8ಎ) ಆರಿಸಿ. ಈ ಮೊದಲು ರಿಟರ್ನ್ ಹಾಕಿದ್ದೀರಾ ಅಂದರೆ ಇಲ್ಲ. ಕಾರಣ ಕೇಳಿದಾಗ 'ಹಿಂದೆ ರಿಟರ್ನ್ ಸಲ್ಲಿಸಿಲ್ಲ' ಅನ್ನುವ ಸಾಲು. ಎಷ್ಟು ತಿಂಗಳ ಒಳಗೆ ಹಾಕುತ್ತಿದ್ದೀರಿ ಅನ್ನುವಲ್ಲಿ ನಿಮ್ಮ ಅವಧಿ. ಕೊನೆಯ ಭಾಗದಲ್ಲಿ ಕಟ್ಟಬೇಕಾದ ಒಟ್ಟು ಮೊತ್ತ ತಾನಾಗಿ ಬರುತ್ತದೆ. ನಿಮ್ಮ ಹಾಳೆಯ ಲೆಕ್ಕದ ಜೊತೆ ಹೋಲಿಸಿ. ದೊಡ್ಡ ವ್ಯತ್ಯಾಸ ಇದ್ದರೆ ಎಲ್ಲೋ ತಪ್ಪಿದೆ.

ಆ ಮೊತ್ತವನ್ನು ಮೊದಲು ಕಟ್ಟಬೇಕು, ಕಟ್ಟಿದ ಮೇಲೇ ಅಪ್‌ಲೋಡ್. ಕಂತಿನ ಮಾತಿಲ್ಲ. ಇ-ಪೇ ಟ್ಯಾಕ್ಸ್‌ನಲ್ಲಿ ಸೆಲ್ಫ್ ಅಸೆಸ್‌ಮೆಂಟ್ ಟ್ಯಾಕ್ಸ್ ಆರಿಸಿ, ಅಸೆಸ್‌ಮೆಂಟ್ ವರ್ಷವನ್ನು ಎರಡು ಸಲ ನೋಡಿ. ಇಲ್ಲಿ ತಪ್ಪು ವರ್ಷ ಒತ್ತುವವರು ಬಹಳ ಜನ. ನಾನೂ ಒತ್ತಿದ್ದೇನೆ. 7 ದಿನದೊಳಗಾದರೆ ಪೋರ್ಟಲ್‌ನಲ್ಲೇ ಚಲನ್ ತಿದ್ದುಪಡಿ ಕೇಳಬಹುದು. ಕಟ್ಟಿದ ಮೇಲೆ ಚಲನ್‌ನಲ್ಲಿರುವ ಬಿಎಸ್‌ಆರ್ ಕೋಡ್, ಚಲನ್ ನಂಬರ್, ತಾರೀಖು ಈ ಮೂರನ್ನೂ ಫಾರ್ಮಿನಲ್ಲಿ ತುಂಬಿ. ತಿಂಗಳ ಕೊನೆಯಲ್ಲಿ ಈ ಕೆಲಸಕ್ಕೆ ಕೂರಬೇಡಿ. 30ಕ್ಕೆ ಲೆಕ್ಕ ಹಾಕಿ 1ಕ್ಕೆ ಅಪ್‌ಲೋಡ್ ಮಾಡಿದರೆ ಕಟ್ಟಿದ ಮೊತ್ತದಲ್ಲಿ ಒಂದು ತಿಂಗಳ ಬಡ್ಡಿ ಕೊರತೆ ಬೀಳುತ್ತದೆ.

ಕೊನೆಗೆ ವೆರಿಫೈ. ಆಧಾರ್ ಓಟಿಪಿಯಲ್ಲಿ ಎರಡು ನಿಮಿಷ. 30 ದಿನದೊಳಗೆ ಮಾಡದಿದ್ದರೆ ನೀವು ವೆರಿಫೈ ಮಾಡಿದ ದಿನವೇ ರಿಟರ್ನ್ ಹಾಕಿದ ದಿನ ಅಂತ ಲೆಕ್ಕ. ಓಟಿಪಿ ಆಗದವರು ಐಟಿಆರ್-ವಿಗೆ (ರಿಟರ್ನ್ ಹಾಕಿದಾಗ ಸಿಗುವ ರಸೀದಿ ಹಾಳೆ) ಸಹಿ ಹಾಕಿ ಬೆಂಗಳೂರು 560500ರ ಸಿಪಿಸಿಗೆ ಸ್ಪೀಡ್ ಪೋಸ್ಟ್ ಮಾಡಬಹುದು. ದೇಶದ ರಿಟರ್ನ್‌ಗಳೆಲ್ಲ ಪ್ರೊಸೆಸ್ ಆಗುವ ಆ ಕೇಂದ್ರ ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲೇ ಇದೆ. ಹಾಗಂತ ಬೈಕ್ ಹತ್ತಿ ಹೋಗಿ ಗೇಟಿನಲ್ಲಿ ಕೊಟ್ಟುಬರುವ ಹಾಗಿಲ್ಲ, ಅಂಚೆಯಲ್ಲೇ ಹೋಗಬೇಕು.

ಒಂದು ವರ್ಷಕ್ಕೆ ಐಟಿಆರ್-ಯು ಒಂದೇ ಸಲ. ಅಪ್‌ಲೋಡ್ ಒತ್ತುವ ಮುಂಚೆ ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಇನ್ನೊಮ್ಮೆ ಓದಿ.

ರಿಫಂಡ್ ಬರಬೇಕಾದ ವರ್ಷ

ಐಟಿಆರ್-ಯುನಲ್ಲಿ ರಿಫಂಡ್ ಕೇಳುವಂತಿಲ್ಲ. ಹಾಗಂತ ಹಣ ಹೋಯಿತು ಅಂತಲ್ಲ. ತಡವನ್ನು ಮನ್ನಿಸಿ ಅಂತ 119(2)(ಬಿ) ಸೆಕ್ಷನ್ ಅಡಿ ಅರ್ಜಿ ಹಾಕಬಹುದು. 2024ರ ಅಕ್ಟೋಬರ್ 1ರ ಸುತ್ತೋಲೆ ಪ್ರಕಾರ, ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ 5 ವರ್ಷದವರೆಗೆ ಅವಕಾಶ. 1 ಕೋಟಿವರೆಗಿನ ರಿಫಂಡ್ ಅರ್ಜಿಯನ್ನು ಪ್ರಿನ್ಸಿಪಲ್ ಕಮಿಷನರ್ ಅಥವಾ ಕಮಿಷನರ್ ತೀರ್ಮಾನಿಸುತ್ತಾರೆ. ತಂಗಿಯ 18,000ಕ್ಕೆ ಅಸೆಸ್‌ಮೆಂಟ್ ವರ್ಷ 2022-23, ಹಾಗಾಗಿ 2028ರ ಮಾರ್ಚ್ 31ರವರೆಗೆ ಸಮಯ ಇದೆ.

ಪೋರ್ಟಲ್‌ನ ಸರ್ವಿಸಸ್‌ನಲ್ಲಿ 'ಕಂಡೋನೇಷನ್ ರಿಕ್ವೆಸ್ಟ್' ಅಂತ ಇದೆ. ಜೊತೆಗೆ ನಿಮ್ಮ ತೆರಿಗೆ ಅಧಿಕಾರಿ ಯಾರು ಅಂತ ತೋರಿಸುವ 'ನೋ ಯುವರ್ ಎಒ' ಒತ್ತಿ ನಿಮ್ಮ ವಾರ್ಡ್ ಯಾವುದು ನೋಡಿಕೊಳ್ಳಿ. ಬೆಂಗಳೂರಿನಲ್ಲಿ ಕ್ವೀನ್ಸ್ ರಸ್ತೆಯ ಸಿ.ಆರ್. ಬಿಲ್ಡಿಂಗಿನಲ್ಲೂ, ಕೋರಮಂಗಲ 80 ಅಡಿ ರಸ್ತೆಯ ಬಿಎಂಟಿಸಿ ಕಟ್ಟಡದಲ್ಲೂ ಇಲಾಖೆಯ ಕಚೇರಿಗಳಿವೆ. ವಿಳಾಸ ನೋಡದೆ ಹೋಗಿ ಒಂದರಿಂದ ಇನ್ನೊಂದಕ್ಕೆ ಆಟೋ ಹಿಡಿದರೆ ಆ ದಿನ ಮುಗಿದ ಹಾಗೆ.

ಅರ್ಜಿಯಲ್ಲಿ ಕಥೆ ಬೇಡ, ಕಾರಣ ಬೇಕು. ಯಾಕೆ ತಡವಾಯಿತು, ಆಗ ಏನಾಗಿತ್ತು, ರಿಫಂಡ್ ಸಿಗದಿದ್ದರೆ ನಿಮಗೆ ಏನು ಕಷ್ಟ, ಇಷ್ಟು. ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಕೆಲಸ ಹೋದ ಪತ್ರ, ಊರು ಬದಲಾದ ದಾಖಲೆ, ಇರುವುದನ್ನು ಲಗತ್ತಿಸಿ. 26ಎಎಸ್ ಮತ್ತು ಆದಾಯದ ಲೆಕ್ಕದ ಹಾಳೆಯೂ ಇರಲಿ. ತಂಗಿ ಮೊದಲು ಬರೆದದ್ದು "ನನಗೆ ಗೊತ್ತಿರಲಿಲ್ಲ" ಅಂತ. ಅದನ್ನು ತೆಗೆಸಿದೆ. ಆ ವರ್ಷ ಕೊರೊನಾದಿಂದ ಕೆಲಸಗಳು ನಿಂತದ್ದು, ಚಿಕ್ಕಮ್ಮನ ಆಪರೇಷನ್, ಅದರ ಬಿಲ್ಲುಗಳು, ತಾರೀಖಿನ ಸಮೇತ ಬರೆಸಿದೆ. ಎಲ್ಲ ನಿಜವೇ, ಅವಳಿಗೆ ಬರೆಯಬೇಕು ಅಂತ ಹೊಳೆದಿರಲಿಲ್ಲ, ಅಷ್ಟೇ.

ಅರ್ಜಿ ಒಪ್ಪಿದರೆ ಆದೇಶದ ನಂಬರ್ ಹಾಕಿ ಆ ವರ್ಷದ ರಿಟರ್ನ್ ಸಲ್ಲಿಸಬೇಕು. ಅರ್ಜಿಯನ್ನು ಸಾಧ್ಯವಾದಷ್ಟೂ ಆರು ತಿಂಗಳಲ್ಲಿ ತೀರ್ಮಾನಿಸಬೇಕು ಅಂತ ಸುತ್ತೋಲೆ ಹೇಳುತ್ತದೆ. ಇಂಥ ರಿಫಂಡ್‌ಗೆ ಬಡ್ಡಿ ಸೇರುವುದಿಲ್ಲ.

ನೋಟೀಸ್ ಬಂದಿದ್ದರೆ

ಮೇಲಿನದೆಲ್ಲ ನೋಟೀಸ್ ಬರದವರಿಗೆ. ರಿಟರ್ನ್ ಹಾಕಿ ಅಂತ 142(1) ನೋಟೀಸ್, ಅಥವಾ ಹಳೆ ವರ್ಷ ತೆರೆಯುವ 148ಎ ನೋಟೀಸ್ ಬಂದಿದ್ದರೆ ಮೊದಲು ಅದಕ್ಕೆ ಉತ್ತರ. ಆ ವರ್ಷಕ್ಕೆ ನೀವಾಗಿ ಐಟಿಆರ್-ಯು ಹಾಕಲು ಹೋಗಬೇಡಿ, ಆಡಿಟರ್‌ಗೆ ತೋರಿಸಿ. ಉಳಿದ ವರ್ಷಗಳ ಕೆಲಸ ಮಾಡುತ್ತಾ ಇರಿ.

ನೋಟೀಸ್ ಅಸಲಿಯೋ ನಕಲಿಯೋ ಅನ್ನುವುದಕ್ಕೆ ದಾರಿ ಇದೆ. 2019ರ ಅಕ್ಟೋಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ನಂಬರ್ ಇರುತ್ತದೆ. ಪೋರ್ಟಲ್‌ಗೆ ಲಾಗಿನ್ ಆಗದೆಯೇ ಆ ನಂಬರ್ ಹಾಕಿ ಪರೀಕ್ಷಿಸಬಹುದು. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ ರಿಫಂಡ್ ಬಂದಿದೆ, ಒತ್ತಿ ಅನ್ನುವವರು ಯಾರೂ ಇಲಾಖೆಯವರಲ್ಲ. ರಿಫಂಡ್ ಕೊಡಿಸುತ್ತೇನೆ, ಅದರಲ್ಲಿ ಪಾಲು ಕೊಡಿ ಅನ್ನುವ ಏಜೆಂಟ್‌ಗಳಿಂದಲೂ ದೂರ ಇರಿ. ಅವರು ಇಲ್ಲದ ಕಡಿತ ಬರೆಯುತ್ತಾರೆ, ನೋಟೀಸ್ ಬರುವುದು ನಿಮ್ಮ ಪ್ಯಾನ್‌ಗೆ.

ನಾಲ್ಕು ವರ್ಷವೂ ದಾಟಿದ ಬಾಕಿ ಇದ್ದರೆ? ಹಾಕಲು ಫಾರ್ಮ್ ಇಲ್ಲ. ಇಲಾಖೆ ಹಳೆ ವರ್ಷ ತೆರೆಯಲು ಮಾಮೂಲಿಗೆ 3 ವರ್ಷ 3 ತಿಂಗಳು, ತಪ್ಪಿದ ಆದಾಯ 50 ಲಕ್ಷ ಮುಟ್ಟಿದ್ದರೆ 5 ವರ್ಷ 3 ತಿಂಗಳು ಸಮಯ. ಅಷ್ಟು ದಿನ ಕಾಗದಗಳನ್ನು ಎಸೆಯಬೇಡಿ.

ತಂಗಿ ಅವತ್ತು ಸಂಜೆ ಏಳಕ್ಕೆ 44,760 ಕಟ್ಟಿದಳು. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಓದಿ ಅಪ್‌ಲೋಡ್ ಮಾಡಿ, ಅಂಗಡಿಯಲ್ಲಿದ್ದ ನನಗೆ ರಸೀದಿ ಕಳಿಸಿದಳು. ರಿಫಂಡ್ ಅರ್ಜಿಗೆ ಚಿಕ್ಕಮ್ಮನ ಡಿಸ್ಚಾರ್ಜ್ ಪತ್ರ ಇನ್ನೂ ಸಿಕ್ಕಿಲ್ಲ. ಬೀರುವಿನಲ್ಲಿ ಹುಡುಕುತ್ತಿದ್ದಾಳೆ.